ತಿಪ್ಪವ್ವ ತುಂಬಿದ ತೋಟಾ

ಮೂವತ್ತೊಂದು ವರ್ಷ ಈ ಊರಿಗೆ ಮಧ್ಯಾಹ್ನದ ಊಟ ಹಾಕಿದವಳು ನಾನು, ದ್ಯಾಮವ್ವ. ಒಲೆ ಹಚ್ಚಿ ಅಲ್ಲ, ರೈಫಲ್ಲು ಹೊಡೆದು. ಒಲೆಯ ಮುಂದೆ ನನ್ನ ಕೈಗುಣ ಏನೆಂದು ನನ್ನ ಗಂಡ ಹುಚ್ಚೀರಪ್ಪನನ್ನು ಕೇಳಿದರೆ ಅವನು ಮೊದಲು ಹಿಂದೆ ಮುಂದೆ ನೋಡಿ ಆಮೇಲೆ ಹೇಳುತ್ತಾನೆ. ಗುರಿಯ ವಿಷಯದಲ್ಲಿ ಮಾತ್ರ ನನಗೆ ಸರಿಸಾಟಿ ಯಾರೂ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು ಅಂತಾರೆ. ಮತ್ತೆ ಯಾರು ಹೇಳಬೇಕು?

ನಮ್ಮೂರಿನ ಮಗ್ಗುಲಿಗೆ ಒಂದು ಕಮರಿ ಇದೆ. ಅದರಾಚೆ ಬಂಡೆಯ ಹೊಟ್ಟೆಯೊಳಗೆ, ಮಂಗ ಕೂಡ ಹತ್ತಲಾರದ ಜಾಗದಲ್ಲಿ, ಒಂದು ಕಂಚಿನ ಗಂಟೆ ತೂಗುತ್ತದೆ. ಯಾರು ಕಟ್ಟಿದರು, ಹೇಗೆ ಕಟ್ಟಿದರು ಎಂದು ನನ್ನನ್ನು ಕೇಳಬೇಡಿ. ನಡುಹಗಲು ಈಚೆ ದಂಡೆಯ ಕಟ್ಟೆಯ ಕಂಬದ ನೆರಳು ನೆಲಕ್ಕೆ ಕೊರೆದ ಗೆರೆ ಮುಟ್ಟಿದಾಗ ಆ ಕಟ್ಟೆಯ ಮೇಲಿಂದ ಒಂದೇ ಒಂದು ಗುಂಡು ಹೊಡೆಯಬೇಕು. ಗಂಟೆ ಢಣ್ ಎಂದರೆ ಊರು ಉಣ್ಣುತ್ತದೆ. ಮಗ್ಗಗಳು ನಿಲ್ಲುತ್ತವೆ, ಶಾಲೆ ಬಿಡುತ್ತದೆ, ಬೀದಿಯಲ್ಲಿ ಜಗಳಕ್ಕೆ ನಿಂತವರು "ಉಂಡು ಬರ್ತೀನಿ, ಇಲ್ಲೇ ನಿಂದ್ರು" ಎಂದು ಹೇಳಿ ಹೋಗುತ್ತಾರೆ. ಗಂಟೆ ಬಾರಿಸದೆ ಉಂಡರೆ ಅನ್ನ ಮೈಗೆ ಹತ್ತುವುದಿಲ್ಲ ಎಂದು ನಮ್ಮವರ ನಂಬಿಕೆ.

ಇನ್ನು ತೋಟಾ, ಅಂದರೆ ರೈಫಲ್ಲಿನ ಕಾಡತೂಸಿನ ವಿಷಯ. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾವನ್ನು ನಾವು ಬಿಸಾಡುವುದಿಲ್ಲ. ಅದಕ್ಕೇ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಬಿಗಿದು ಮತ್ತೆ ತುಂಬುತ್ತೇವೆ. ಆದರೆ ನಮ್ಮೂರಲ್ಲಿ ತಾನು ತುಂಬಿದ ತೋಟಾ ತನ್ನ ಕೈಯಲ್ಲಿ ಹಾರುವುದಿಲ್ಲ. ರೈಫಲ್ಲಿನ ಕುದುರೆ ಎಳೆದರೆ 'ಟಿಕ್' ಅನ್ನುತ್ತದೆ, ಅಷ್ಟೇ. ಅದೇ ತೋಟಾವನ್ನು ಪಕ್ಕದವನ ಕೈಗೆ ಕೊಡಿ, ಕಮರಿಯೆಲ್ಲ ಗುಡುಗುತ್ತದೆ. ಒಮ್ಮೆ ಹೊರಗಿನಿಂದ ಬಂದಿದ್ದ ಸಾಹೇಬನೊಬ್ಬ, ಇದೆಲ್ಲ ಹಳ್ಳಿ ಮಂದಿಯ ಮೌಢ್ಯ ಎಂದು ತಾನೇ ಹನ್ನೆರಡು ತೋಟಾ ತುಂಬಿ ಹನ್ನೆರಡು ಸಲ ಟಿಕ್ ಅನ್ನಿಸಿದ. ಹದಿಮೂರನೆಯದನ್ನು ಅವನ ಅಡಿಗೆಯವನು ತುಂಬಿಕೊಟ್ಟ. ಅದು ಹಾರಿದ ಸದ್ದಿಗೆ ಸಾಹೇಬ ಕುಂಡಿ ಊರಿ ಕೂತುಬಿಟ್ಟ. ಮರುದಿನ ಗಂಟುಮೂಟೆ ಕಟ್ಟಿದ.

ಹೀಗಾಗಿ ಕೋವಿ ಇದ್ದವರಿಗೆಲ್ಲ ತುಂಬಿಕೊಡುವವರು ಒಬ್ಬರು ಬೇಕೇಬೇಕು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೂ, ನಡುಮನೆಗೆ ಅಡ್ಡಗೋಡೆ ಎಬ್ಬಿಸಿದರೂ, ತೋಟಾ ಮಾತ್ರ ಒಬ್ಬರಿಗೊಬ್ಬರು ತುಂಬಿಕೊಡುವುದನ್ನು ಬಿಟ್ಟಿಲ್ಲ. ಇದಕ್ಕೊಂದು ಕಟ್ಟುನಿಟ್ಟಿನ ರೀತಿಯೂ ಇದೆ. ತುಂಬಿಕೊಟ್ಟ ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬಾರದು. ಮದ್ದು ಕಮ್ಮಿಯಾದರೆ ಒಳಗೆ ಸರಸರ ಅನ್ನುತ್ತದೆ, ಅಳತೆ ಮೀರಿ ತುಂಬಿದ್ದರೆ ಪಿಟ್ಟೆನ್ನುವುದಿಲ್ಲ. ಆದರೂ ನೋಡಬಾರದು. ನೋಡಿದರೆ, ನೀನು ನನ್ನ ಕಣ್ಣು ತೆಗೆಯುವವಳು ಎಂದು ಮುಖದ ಮೇಲೆ ಹೇಳಿದ ಹಾಗೆ. ತುಂಬಿದವರೂ "ಒಂದು ಸಲ ನೋಡಿಕೊಳ್ಳಿ" ಅನ್ನಬಾರದು. ಅಂದರೆ, ನನ್ನ ಕೈ ಮೇಲೆ ನನಗೇ ಭರವಸೆ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಕೊಡುವವರು ಸುಮ್ಮನೆ ಕೊಡಬೇಕು, ಹೊಡೆಯುವವರು ಸುಮ್ಮನೆ ಹೊಡೆಯಬೇಕು.

ನನಗೆ ತುಂಬಿಕೊಡುತ್ತಿದ್ದವಳು ತಿಪ್ಪವ್ವ, ನನ್ನ ಗಂಡನ ತಂಗಿ. ಪಕ್ಕದ ಓಣಿಯಲ್ಲೇ ಅವಳ ಮನೆ. ಗಂಟೆ ಹೊಡೆಯುವ ಈ ರೈಫಲ್ಲು ಊರಿನದು, ಮೊದಲು ನಮ್ಮ ಮಾವನ ಕೈಯಲ್ಲಿತ್ತು. ಅವನ ಕಣ್ಣು ಮಂಜಾದ ಮೇಲೆ ಊರಿನವರ ಮುಂದೆ ಅದನ್ನು ಸೊಸೆಯಾದ ನನ್ನ ಕೈಗಿತ್ತ, ಮಗಳಾದ ತಿಪ್ಪವ್ವನಿಗೆ ಮದ್ದಿನ ಡಬ್ಬಿ ಕೊಟ್ಟ. ಆವತ್ತು ನನಗೆ ಬಂದ ಜಂಬ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ತಿಪ್ಪವ್ವ ಒಂದೇ ಒಂದು ತೋಟಾ ತುಂಬಿ, ಅರಿವೆಯಲ್ಲಿ ಸುತ್ತಿ ತರುತ್ತಿದ್ದಳು. ನಾನು ಹೊಡೆಯುತ್ತಿದ್ದೆ. ಒಂದು ದಿನವೂ ಗುರಿ ತಪ್ಪಲಿಲ್ಲ. ಹೆತ್ತ ಮೂರನೆಯ ದಿನವೂ ಎದ್ದು ಬಂದು ಹೊಡೆದಿದ್ದೇನೆ. ಊರಿನವರು ನನ್ನನ್ನು ಹೊಗಳುವಾಗ ತಿಪ್ಪವ್ವ ಕಟ್ಟೆಯ ಅಂಚಿಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳನ್ನೂ ಹೊಗಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಹೋದ ಸುಗ್ಗಿ ಮುಗಿದ ಮೇಲೆ ಏನೋ ಬದಲಾಯಿತು. ಒಂದು ದಿನ ಗುಂಡು ಹೋಗಿ ಗಂಟೆಯ ತುದಿಗೆ ತಾಗಿ ತಟ್ಟೆ ಬಿದ್ದಷ್ಟು ಸದ್ದಾಯಿತು. ಅರ್ಧ ಊರಿಗೆ ಕೇಳಿಸಲೇ ಇಲ್ಲ, ಅವರು ಹಸಿದುಕೊಂಡು ಕೂತರು. ಗಾಳಿ ಇರಬೇಕು ಅಂದುಕೊಂಡೆ. ಹದಿನೈದು ದಿನ ಬಿಟ್ಟು ಇನ್ನೊಂದು ದಿನ ರೈಫಲ್ಲು ನನ್ನನ್ನು ಒದ್ದ ರಭಸಕ್ಕೆ ಹಿಂದಿನ ಕಂಬಕ್ಕೆ ಬೆನ್ನು ಬಡಿಯಿತು. ಮನೆಗೆ ಬಂದು ನೋಡಿದರೆ ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹುಚ್ಚೀರಪ್ಪ ಎಣ್ಣೆ ಹಚ್ಚುತ್ತ "ಬಿದ್ದೀಯೇನ?" ಎಂದ. "ಹೂಂ, ಬಿದ್ದೀನಿ" ಅಂದೆ. ತಿಪ್ಪವ್ವನ ಕೈಯಲ್ಲಿ ಮದ್ದು ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಆಗುತ್ತಿದೆ ಎಂದು ನನ್ನ ಬಾಯಿಂದ ಹೇಗೆ ಬರಬೇಕು? ಮದ್ದು ಅತಿಯಾದರೆ ರೈಫಲ್ಲು ಒಡೆದು ಹೊಡೆಯುವವರ ಮುಖಕ್ಕೇ ಬರುತ್ತದೆ. ಅದು ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಮರುದಿನ ಮತ್ತೆ ಕೆನ್ನೆ ಆನಿಸಿ ಹೊಡೆದೆ. ಧೈರ್ಯ ಅಲ್ಲ ಅದು, ಹಟ.

ಆಮೇಲಿನ ಸೋಮವಾರ ಕಟ್ಟೆಯ ಮೇಲೆ ನಾನು ತೋಟಾ ಕೈಗೆ ತೆಗೆದುಕೊಂಡೆ. ತಿಪ್ಪವ್ವ ಆಚೆ ತಿರುಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನನ್ನ ಕೈ ತಾನೇ ಕಿವಿಯ ಹತ್ತಿರ ಹೋಯಿತು. ಅಲ್ಲಾಡಿಸಿದೆ. ಒಳಗೆ ಸದ್ದೇ ಇಲ್ಲ. ತಲೆ ಎತ್ತಿದರೆ ತಿಪ್ಪವ್ವ ನನ್ನನ್ನೇ ನೋಡುತ್ತಿದ್ದಳು. ಅವಳಷ್ಟೇ ಅಲ್ಲ, ಕಟ್ಟೆಯ ಕೆಳಗಿನ ಮಂದಿಯೆಲ್ಲ ನೋಡಿದರು. ಅವಳು ಎದ್ದು ಬಂದಳು. ನನ್ನ ಕೈಯಿಂದ ತೋಟಾ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಮನೆಯ ಕಡೆ ನಡೆದುಬಿಟ್ಟಳು.

ಆ ದಿನ ಗಂಟೆ ಬಾರಿಸಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಊರಿನ ಪರಿಸ್ಥಿತಿ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಕೆಲವರು ಉಂಡರು, ಕೆಲವರು ಉಂಡು ಹೊಟ್ಟೆ ಹಿಡಿದುಕೊಂಡರು, ಶಾಲೆಯ ಮಾಸ್ತರರು ಸಂಜೆಯವರೆಗೂ ಮಗ್ಗಿ ಹೇಳಿಸುತ್ತಲೇ ಇದ್ದರಂತೆ. ನನಗೆ ಮಾತ್ರ ಒಂದೇ ಲೆಕ್ಕ. ಮೂರು ದಿನ ಒಂದೇಸಮನೆ ಗಂಟೆ ಬಾರಿಸದಿದ್ದರೆ ರೈಫಲ್ಲು ಆ ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಹಾಗೆಂದು ಹಿರಿಯರ ಕಟ್ಟಳೆ. ಯಾರ ಮನೆಗೆ ಎನ್ನುವುದೂ ಗೊತ್ತಿತ್ತು. ಎದುರು ಓಣಿಯ ಗದಿಗೆಪ್ಪ ಹತ್ತು ವರ್ಷದಿಂದ ರೈಫಲ್ಲು ತೂಗುಹಾಕಲು ಗೋಡೆಗೆ ಜಿಂಕೆಯ ಕೊಂಬಿನ ಗೂಟ ಬಡಿದು ಕೂತಿದ್ದ.

ತುಂಬಿಕೊಡಿ ಎಂದು ಆ ಸಂಜೆ ನಾಲ್ಕು ಮನೆ ತಿರುಗಿದೆ. ನನ್ನ ಜೀವಮಾನದಲ್ಲಿ ಯಾರ ಬಾಗಿಲಲ್ಲೂ ನಿಂತವಳಲ್ಲ. ಎಲ್ಲರದೂ ಒಂದೇ ಮಾತು. "ತಿಪ್ಪವ್ವಂದ ಅಲ್ಲಾಡಿಸಿ ನೋಡಿದಾಕಿ, ನಾಳೆ ನಂದು ನೋಡೂದಿಲ್ಲೇನ ದ್ಯಾಮವ್ವಾ?" ಕೊನೆಗೆ ಉಳಿದವನು ನನ್ನ ಗಂಡ. ಪಾಪ, ಮಣ್ಣಿನ ಮಡಕೆಗೂ ನೋವಾಗದ ಹಾಗೆ ಮುಟ್ಟುವ ಮನುಷ್ಯ. ನನ್ನ ಮುಖ ಸುಟ್ಟೀತೆಂಬ ಹೆದರಿಕೆಗೆ ಮದ್ದನ್ನು ಒಗ್ಗರಣೆಗೆ ಸಾಸಿವೆ ಹಾಕಿದಷ್ಟೇ ಹಾಕಿದ. ಮಂಗಳವಾರ ಮಧ್ಯಾಹ್ನ ಆ ಗುಂಡು ರೈಫಲ್ಲಿನಿಂದ ಹೊರಬಿದ್ದು, ನಾನು ಕಣ್ಣಾರೆ ನೋಡುತ್ತಿದ್ದ ಹಾಗೆ, ಕಮರಿಯೊಳಗೆ ಇಳಿದು ಹೋಯಿತು. ಕೆಳಗೆ ಎಮ್ಮೆ ಮೇಯಿಸುವವರು ಬೈದದ್ದು ಮೇಲೆ ಕೇಳಿಸಿತು.

"ನಾಳೆ ಬುಧವಾರ" ಎಂದ ಗದಿಗೆಪ್ಪ, ವಾರ ನಮಗೆ ಗೊತ್ತಿಲ್ಲದವರ ಹಾಗೆ.

"ಗೊತ್ತದ. ನಿನ್ನ ಗೂಟಕ್ಕ ಎಣ್ಣಿ ಹಚ್ಚಿಟ್ಟಿರು, ಒಣಗೀತು" ಅಂದೆ. ಬಾಯಿ ಜೋರು ಮಾಡಿದೆ ನಿಜ, ಮನೆಗೆ ಬಂದು ರೈಫಲ್ಲು ಒರೆಸುವಾಗ ಕಣ್ಣೀರು ಬಂತು. ಹುಚ್ಚೀರಪ್ಪ ಪಕ್ಕದಲ್ಲಿ ಕೂತು, "ಒಮ್ಮಿ ಹೋಗಿ ಕೇಳು. ಅಕಿ ನಿನ್ನ ನುಂಗೂದಿಲ್ಲ" ಎಂದ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಲ್ಲಿ ಹೊರಳುವುದೇ ಇಲ್ಲ ಎಂದು ಅವನಿಗೆ ಗೊತ್ತು. ಆದರೂ ಹೇಳಿದ.

ಬುಧವಾರ ಬೆಳಿಗ್ಗೆ ಹೋದೆ. ತಿಪ್ಪವ್ವ ಬಾಗಿಲು ತೆರೆದೇ ಕೂತಿದ್ದಳು. ಅವಳ ಮುಂದೆ ಒಂದು ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಕಪ್ಪು ಮದ್ದಿನ ಎರಡು ಗುಪ್ಪೆ, ಪಕ್ಕದಲ್ಲಿ ಬಿಚ್ಚಿದ ತೋಟಾ.

"ನಾ ಏನ್ ಹೇಳಾಕ ಬಂದೀನಂದ್ರ..." ಎಂದು ಶುರು ಮಾಡಿದೆ.

"ಮೊದಲ ಕುಂದ್ರು. ಇದನ್ನ ನೋಡು" ಎಂದಳು. "ಸೋಮವಾರ ನಿನ್ನ ಕೈಯಾಗ ಇದ್ದದ್ದು. ಬಿಚ್ಚಿ ಅಳದ ನೋಡಿದೆ. ಎರಡು ಅಳತಿ ಹಾಕೀನಿ ಅತ್ತಿಗಿ. ನೀ ಹೊಡದಿದ್ದರ ಇವತ್ತ ನಿನ್ನ ಮೂರನೇ ದಿನಾ ಮಾಡ್ತಿದ್ದರು."

ನಾನು ತಟ್ಟೆಯ ಆ ಎರಡು ಗುಪ್ಪೆಯನ್ನು ಬೆರಳಿಟ್ಟು ಮತ್ತೆ ಎಣಿಸಿದೆ.

"ಆರು ತಿಂಗಳಾತು" ಎಂದಳು ತಿಪ್ಪವ್ವ. "ಒಲಿ ಮುಂದ ಉಪ್ಪು ಹಾಕೀನೋ ಇಲ್ಲೋ ಮರೀತೀನಿ. ಹಾಳಾಗಿ ಹೋಗಲಿ, ಸಾರು ಸಪ್ಪ ಆಕ್ಕತಿ. ಆದ್ರ ಮದ್ದಿನ ಅಳತಿ ಕೈಯಾಗ ಹಿಡದು, ಹಾಕೀನೋ, ಇನ್ನ ಹಾಕಬೇಕೋ ಅಂತ ನಿಂತಬಿಡ್ತೀನಿ. ಕಣ್ಣ ಛಲೋ ಅದಾವು, ಕೈ ಗಟ್ಟಿ ಅದ. ಅದೊಂದ ನೆನಪಿಗಿ ನಿಂದ್ರವಲ್ಲದು. ದಿನಾ ಕಟ್ಟಿ ಮ್ಯಾಲೆ ಕುಂತು, ಯವ್ವಾ, ಇವತ್ತರ ಇಕಿ ಅಲ್ಲಾಡಿಸಿ ನೋಡಲಿ ಅಂತ ದೇವರಿಗಿ ಬೇಡ್ಕೊಂಡೀನಿ."

"ಹಂಗಾರ ಸಿಟ್ಟಾಗಿ ಯಾಕ ಎದ್ದು ಹೋದಿ?"

"ಸಿಟ್ಟ ಬರದ ಏನ ಮಾಡ್ತದ?" ಎಂದು ಅವಳು ದನಿ ಏರಿಸಿದಳು. "ಭುಜಾ ಕಪ್ಪಾಗಿದ್ದು ಅಣ್ಣ ಹೇಳ್ಯಾನ ನಂಗ. ಅವತ್ತ ಯಾಕ ನೋಡಲಿಲ್ಲ? ಆಮ್ಯಾಲೆ ಒಂದ ವಾರ ಹಂಗ ಹೊಡದಿ! ನನ್ನ ಮರ್ಯಾದಿ ನಿನ್ನ ಮುಖಕಿಂತ ದೊಡ್ಡದಾತೇನ? ನಿನ್ನ ಕಣ್ಣ ಹೋಗಿದ್ದರ ನಾ ಆ ಮರ್ಯಾದಿ ಉಪ್ಪಿನಕಾಯಿ ಹಾಕಬೇಕಾಗಿತ್ತೇನ?"

ಬೈಸಿಕೊಂಡು ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ. ತಪ್ಪಾಯಿತು ಅಂದೆ. ಹೇಳಿದ ಮೇಲೆ ಅದೇನು ಅಷ್ಟು ಕಷ್ಟದ ಮಾತಲ್ಲ ಅನಿಸಿತು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವಳೇ ಮೂಗು ಒರೆಸಿಕೊಂಡು, "ಅಳೂದ ಸಾಕು, ನೆರಳ ಸರಿಯಾಕತ್ತದ. ರೈಫಲ್ಲು ಆ ಗದಿಗ್ಯಾನ ಮನಿಗಿ ಹೋಗಬಾರದು. ನೀ ತುಂಬು" ಎಂದಳು.

"ನಾ ತುಂಬಿದ್ದು ನಂಗ ಹಾರೂದಿಲ್ಲ, ಅದೂ ಮರತ್ಯೇನ?"

"ನಿಂಗ ಯಾರ ಹೊಡೀ ಅಂದಾರ? ನಾ ಹೊಡೀತೀನಿ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ನಗಬ್ಯಾಡ. ನೀ ಈ ಮನಿಗಿ ಬರೂಕಿಂತ ಮೊದಲ ಅಪ್ಪನ ಬದಲಿಗೆ ಎಷ್ಟೋ ಸಲ ನಾನ ಹೊಡದೀನಿ. ನೀ ಗಂಟಿ ನಡಬರಕ ಹೊಡೀತಿ. ನಾ ಅದರ ನಾಲಗಿಗೆ ಹೊಡೀತಿದ್ದೆ."

"ಮತ್ತ ಮಾವ ನಂಗ ಯಾಕ ಕೊಟ್ಟ?"

ತಿಪ್ಪವ್ವ ಸೆರಗು ಸರಿಮಾಡಿಕೊಂಡಳು. ಹೇಳಲೋ ಬೇಡವೋ ಎಂದು ನೋಡಿದಳು. ಆಮೇಲೆ ಹೇಳಿಯೇಬಿಟ್ಟಳು. "ಹೊಡಿಯೂದು ಯಾರರ ಕಲೀತಾರ, ತುಂಬೂದಕ್ಕ ಸಮಾಧಾನದ ಮನಶ್ಯಾ ಬೇಕು ಅಂದ. ದ್ಯಾಮವ್ವ ಭಾಳ ಗಡಿಬಿಡಿ, ಅಕಿ ಕೈಗಿ ಮದ್ದಿನ ಡಬ್ಬಿ ಕೊಟ್ಟರ ನಿನ್ನ ಮಾರಿ ನಿಂಗ ಉಳಿಯೂದಿಲ್ಲ ಮಗಳ, ಅಕಿಗಿ ರೈಫಲ್ಲ ಕೊಡೂನು ಅಂದ."

ಅಯ್ಯೋ ಶಿವನೇ! ಮೂವತ್ತೊಂದು ವರ್ಷದ ಜಂಬ ಒಂದೇ ಮಾತಿಗೆ ನೆಲಕ್ಕೆ ಬಿತ್ತು. ಸತ್ತ ಮಾವನ ಮೇಲೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ, ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಸಕ್ಕರೆ ಎಂದು ಪಾಯಸಕ್ಕೆ ಉಪ್ಪು ಸುರಿದವಳು ನಾನೇ, ಅದೂ ನನ್ನ ಮಗಳ ನಿಶ್ಚಯದ ದಿನ. ಇಂಥ ನಾನು ಈಗ ತುಂಬಬೇಕು. ತಿಪ್ಪವ್ವ ಅದಕ್ಕೆ ಕೆನ್ನೆ ಕೊಡಬೇಕು.

ಕೂತೆ. ಅವಳು ಹೇಳಿದ ಹಾಗೆ ಕೇಪು ಕೂರಿಸಿದೆ. ಮದ್ದಿನ ಅಳತೆ ಎತ್ತಿದೆ, ಅದರ ಬಾಯಿಗೆ ಬೆರಳು ಎಳೆದು ಸಮ ಮಾಡಿದೆ, ಹಾಕಿದೆ. ಹಾಕಿದ ಕೂಡಲೇ ನನಗೇ ಅನುಮಾನ. ಹೊರಗೆ ಸುರಿದು ಮತ್ತೆ ಅಳೆದೆ. ಮತ್ತೆ ಸುರಿದೆ. ಕಣ್ಣೆದುರಿನ ಗಂಟೆಗೆ ನಾಲ್ಕುನೂರು ಮೊಳದಿಂದ ಹೊಡೆಯುವ ಕೈಗೆ ಹೆಬ್ಬೆರಳಷ್ಟು ತೋಟಾದ ಬಾಯಿ ಸಿಗಲಿಲ್ಲ, ಮದ್ದು ತಟ್ಟೆಗೆ ಚೆಲ್ಲಿತು. ಅವಳ ಬಲಗೆನ್ನೆಯ ಮೇಲೆ ಒಂದು ಮಚ್ಚೆ ಇದೆ, ರೈಫಲ್ಲು ಆನಿಸಿದರೆ ಸರಿಯಾಗಿ ಅಲ್ಲೇ ಕೂರುತ್ತದೆ. ಅದನ್ನು ನೋಡಿ ಇನ್ನೆರಡು ಸಲ ಸುರಿದು ಅಳೆದೆ.

"ಐದನೇ ಸಲ ಆತು" ಎಂದಳು ತಿಪ್ಪವ್ವ. "ಇಷ್ಟ ಹೆದರಿದರ ಹೆಂಗ? ನಾ ದಿನಾ ಮಾಡಿಲ್ಲೇನ?"

"ದಿನಾ ಹಿಂಗ ಹೆದರತಿದ್ದೇನ?"

"ಮತ್ತ?" ಎಂದಳು.

ಆರನೆಯ ಸಲಕ್ಕೆ ಗುಂಡು ಬಿಗಿದೆ. ತೋಟಾವನ್ನು ಅರಿವೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. "ನೋಡ್ಕೋ" ಅಂದೆ, ಊರಿನ ರೀತಿ ರಿವಾಜನ್ನೆಲ್ಲ ಗಾಳಿಗೆ ತೂರಿ. ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಲೆ ಆಡಿಸಿ, ಚಪ್ಪಲಿ ಮೆಟ್ಟಿಕೊಂಡಳು.

ಕಟ್ಟೆಯ ಹತ್ತಿರ ಊರಿಗೆ ಊರೇ ಸೇರಿತ್ತು. ಗದಿಗೆಪ್ಪ ಮದುಮಗನ ಹಾಗೆ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ರೈಫಲ್ಲು ತಿಪ್ಪವ್ವನ ಕೈಯಲ್ಲಿ ಕಂಡದ್ದೇ ಅವನು ಕೂಗಿದ. "ಇದೇನಿದು! ಹೊಡಿಯಾಕಿ ದ್ಯಾಮವ್ವ. ಇಕಿ ಯಾಕ ಹಿಡದಾಳ? ಇದು ನಡಿಯೂದಿಲ್ಲ."

"ರೈಫಲ್ಲು ಮನಿಗಿ ಕೊಟ್ಟದ್ದೋ ಮನಶ್ಯಾಗ ಕೊಟ್ಟದ್ದೋ?" ಅಂದೆ ನಾನು. "ಮೂರ ದಿನಾ ಬಾರಸದಿದ್ದರ ಮನಿ ಬದಲಿ ಆಕ್ಕತಿ ಅಂದಾರ ಹಿರ್ಯಾರು. ಕೈ ಬದಲಿ ಆಗಬಾರದು ಅಂತ ಎಲ್ಲಿ ಅಂದಾರ? ತಿಪ್ಪವ್ವ ಈ ಮನಿ ಮಗಳು. ನಿನ್ನ ರುಮಾಲ ಬಿಸಲಿಗಿ ಬಣ್ಣಾ ಬಿಡತದ, ನೆರಳಿಗಿ ನಿಂದ್ರು." ಮಂದಿ ನಕ್ಕರು. ಹಿರಿಯರು ಮುಖ ಮುಖ ನೋಡಿಕೊಂಡರು, ಬೇಡ ಅನ್ನಲಿಲ್ಲ. ಅವರಿಗೂ ಎರಡು ದಿನದಿಂದ ಹೊಟ್ಟೆ ಸರಿ ಇರಲಿಲ್ಲ.

ತಿಪ್ಪವ್ವ ಕಟ್ಟೆ ಹತ್ತಿದಳು. ನಾನು ಅವಳು ಯಾವಾಗಲೂ ಕೂರುತ್ತಿದ್ದ ಅಂಚಿಗೆ ಹೋಗಿ ಕೂತೆ. ಬೇರೆ ಎಲ್ಲಿ ಕೂರಬೇಕು ಎಂದು ತಿಳಿಯಲಿಲ್ಲ. ಅವಳು ತೋಟಾ ಏರಿಸಿದಳು. ಕಾಲು ಅಗಲ ಮಾಡಿ ನಿಂತಳು, ಥೇಟ್ ಮಾವನ ನಿಲುವು. ಕೆನ್ನೆ ಇಳಿಸಿದಳು. ನೆರಳು ಗೆರೆ ಮುಟ್ಟಿತು. ನಾನು ಒಳಗೊಳಗೇ ಒಂದು ಅಳತಿ, ಒಂದೇ ಅಳತಿ, ನಾ ನೋಡೀನಿ, ಒಂದೇ ಎಂದು ಹೇಳಿಕೊಳ್ಳುತ್ತಿದ್ದೆ. ಮೂವತ್ತೊಂದು ವರ್ಷ ಸಾವು ನನ್ನ ಕೆನ್ನೆಯಿಂದ ಎರಡು ಬೆರಳು ದೂರ ಇತ್ತು, ಒಂದು ದಿನವೂ ನನಗೆ ಎದೆ ಹೊಡೆದುಕೊಂಡಿರಲಿಲ್ಲ. ಆವತ್ತು ಹೊಡೆದುಕೊಂಡಿತು.

ಈಡು ಹಾರಿತು. ಹೊಗೆ ಮುಚ್ಚಿತು. ನಾನು ಎದ್ದು ಓಡಿದೆ. ಹೊಗೆ ಸರಿದಾಗ ಮೊದಲು ಹಣೆ ಕಂಡಿತು, ಆಮೇಲೆ ಎರಡು ಕಣ್ಣು, ಆಮೇಲೆ ಮಚ್ಚೆಯ ಸಮೇತ ಇಡೀ ಕೆನ್ನೆ. ನಾನು ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ. ಆಮೇಲಷ್ಟೇ ನನಗೆ ಗಂಟೆಯ ನೆನಪಾಯಿತು. ಕೆಳಗೆ ಮಂದಿ ಏನೋ ಕೂಗುತ್ತ ಎದ್ದು ನಿಂತಿದ್ದರು. ಯಾಕೆ ಎಂದು ತಿಳಿಯಲಿಲ್ಲ.

"ಬಾರಿಸ್ತೇನ ತಿಪ್ಪವ್ವಾ? ನಂಗ ಕೇಳಿಸಲಿಲ್ಲ" ಅಂದೆ.

"ಬಾರಸದ ಏನು? ನಾಲಗಿಗೆ ಹೊಡದೀನಿ" ಎಂದಳು. ರೈಫಲ್ಲು ಕೆಳಗಿಟ್ಟು ನನ್ನ ಕೈಗಳನ್ನು ತನ್ನ ಮುಖದಿಂದ ಬಿಡಿಸಿದಳು. "ನಿಂಗ ಕೇಳಿಸೂದಿಲ್ಲ ಬಿಡು, ತುಂಬಿದಾಕಿ ಜೀವ ಎಲ್ಲಾ ಹೊಡಿಯಾಕಿ ಮಾರಿ ಮ್ಯಾಲೆ ಇರತದ. ಮೂವತ್ತೊಂದು ವರ್ಷ ನಂಗೂ ಕೇಳಿಸಿಲ್ಲ. ಇವತ್ತ ಕೇಳಿದೆ. ಮಂದಿ ಹೇಳೂವಷ್ಟೇನ ಛಲೋ ಇಲ್ಲ."

ಈಗ ದಿನಾ ಅವಳೇ ಹೊಡೆಯುತ್ತಾಳೆ, ನಾನು ತುಂಬಿಕೊಡುತ್ತೇನೆ. ಗಂಟೆ ನನಗೆ ಆವತ್ತಿನಿಂದ ಇವತ್ತಿನವರೆಗೂ ಕೇಳಿಸಿಲ್ಲ. ಮಂದಿ ಉಣ್ಣಲು ಎದ್ದು ಹೊರಟಾಗ ನಾನೂ ಏಳುತ್ತೇನೆ.